ಗಿರಿಜಾಂಬಾ ಅವರ ಕುತ್ತಿಗೆ ಹೇಳಿದ ಮಳೆ

“ಒಂದೇ ಜೀಪು, ಒಂದೇ ಚರಂಡಿ. ನಂಜಮ್ಮಂಗೆ ಸಿಕ್ಕಿದ್ದು ಮುರಿದ ಕಾಲು, ಗಿರಿಜಾಂಬಾಗೆ ಸಿಕ್ಕಿದ್ದು ಹವಾಮಾನ ಇಲಾಖೆ” ಅಂತ ನಮ್ಮ ಬೀದಿಯವರು ಹೇಳುತ್ತಿದ್ದರು. ಹೇಳಿ ನಗುತ್ತಿದ್ದರು. ನಕ್ಕವರೇ ಮಾರನೇ ದಿನ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಗಿರಿಜಾಂಬಾ ಅವರ ಗೇಟಿನ ಹತ್ತಿರ ನಿಂತು, “ಅಕ್ಕಾ, ಇವತ್ತು ಕುತ್ತಿಗೆ ಹೇಗಿದೆ? ಕಾಫಿ ಹರವಬಹುದಾ?” ಎಂದು ಕೇಳುತ್ತಿದ್ದರು.

ಇನ್ನು ಕೆಲವರು ಬೇರೆ ಮಾತಾಡುತ್ತಿದ್ದರು. “ಎಕ್ಸ್‌ರೇಲಿ ಏನೂ ಇಲ್ವಂತೆ. ರೊಟ್ಟಿ ತಟ್ಟೋಕೆ ಬೇಜಾರು, ಅಷ್ಟೇ ಮಾರಾಯ್ತಿ.” ಇವರೂ ಕಾಫಿ ಹರವುವ ಮುಂಚೆ ಕೇಳಲು ಬರುತ್ತಿದ್ದರು. ಆದರೆ ಹಿತ್ತಲ ಬಾಗಿಲಿನಿಂದ.

ಮೂಡಿಗೆರೆ ಬಸ್ ಸ್ಟ್ಯಾಂಡಿನಿಂದ ಒಂದೂವರೆ ಕಿಲೋಮೀಟರ್ ದೂರದ ಬೀದಿ ನಮ್ಮದು. ಹನ್ನೊಂದು ಮನೆ. ಎಲ್ಲರೂ ಸಣ್ಣ ಬೆಳೆಗಾರರು. ತೋಟ ಎಲ್ಲೋ ಬೆಟ್ಟದ ಮೇಲೆ, ಕಾಫಿ ಒಣಗಿಸುವ ಕಣ ಮಾತ್ರ ಮನೆ ಮುಂದೆ. ಗಿರಿಜಾಂಬಾ ಅವರ ಗಂಡ ಓಂಕಾರಮೂರ್ತಿಗಳು ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದರು. ಬಲು ಸಾಧು ಮನುಷ್ಯ. ಹೊಸದಾಗಿ ಹಳೇ ಜೀಪು ಕೊಂಡಾಗ ಮೂರು ದಿನ ಡ್ರೈವಿಂಗ್ ಕಲಿತರು. ನಾಲ್ಕನೇ ದಿನ ತಮ್ಮ ಅಂಗಡಿಯ ಶಟರನ್ನು ತಾವೇ ಒಡೆದು, ಜೀಪಿನಿಂದಿಳಿದು, ಕೀ ತಂದು ಹೆಂಡತಿಯ ಕೈಗಿಟ್ಟು, “ಗಿರಿಜಾ, ಇದು ನಿನ್ನ ಜಾತಕದಲ್ಲಿದೆ” ಎಂದರು. ಆಗ ಗಿರಿಜಾಂಬಾಗೆ ಮೂವತ್ತಾರು. ಅಲ್ಲಿಂದ ಹದಿನೈದು ವರ್ಷ ಆ ಜೀಪು ಇನ್ಯಾರ ಮಾತನ್ನೂ ಕೇಳಲಿಲ್ಲ. ಸೀರೆಯ ನೆರಿಗೆಯನ್ನು ಮೊಣಕಾಲಿನ ಮಧ್ಯೆ ಸಿಕ್ಕಿಸಿಕೊಂಡು, ಗೇರಿಗೆ ಒಂದೊಂದು ಬೈಗುಳ ಹಾಕುತ್ತಾ ಅವರು ಕಳಸದ ರಸ್ತೆಯಲ್ಲಿ ಹೋಗುತ್ತಿದ್ದರೆ ಬಸ್ ಡ್ರೈವರುಗಳೇ ದಾರಿ ಬಿಡುತ್ತಿದ್ದರು.

ಅವರ ತೋಟ ಆ ರಸ್ತೆಯಲ್ಲೇ ಹನ್ನೊಂದು ಕಿಲೋಮೀಟರ್ ದೂರ. ಕೊನೆಯ ಮೂರು ಕಿಲೋಮೀಟರ್ ಒಳದಾರಿ, ಅಲ್ಲಿಗೆ ಬಸ್ಸಿಲ್ಲ, ಆಟೋ ಬರುವುದಿಲ್ಲ, ಜೀಪೊಂದೇ ಗತಿ. ಅಲ್ಲಿ ಗಿರಿಜಾಂಬಾ ಒಂದು ಮನೆ ಕಟ್ಟಿಸುತ್ತಿದ್ದರು. ಮದುವೆಯಾಗಿ ಬಂದ ದಿನದಿಂದ ಅವರಿಗಿದ್ದ ಆಸೆ ಅದೊಂದೇ: ತಮ್ಮ ಕಾಫಿ ಗಿಡಗಳ ನಡುವೆ, ಪಕ್ಕದ ಮನೆಯವರ ಮಿಕ್ಸಿ ಸದ್ದು ಕೇಳದ ಕಡೆ ಬದುಕಬೇಕು. ಮನೆಗೆ ಹೋಗಲು ಜೀಪು ಬೇಕು, ಜೀಪು ಓಡಲು ಗಿರಿಜಾಂಬಾ ಬೇಕು. ಲೆಕ್ಕ ಇಷ್ಟು ಸರಳ. ಆ ಮನೆಗೆ ಹೆಂಚು ಹೊದೆಸಿ, ಬಾಗಿಲು ಕೂರಿಸಿ ಆದಮೇಲೆ, ಎಲ್ಲ ಮುಗಿಯಿತು ಅನ್ನುವಾಗಲೇ, ಕಾಟಿ ಬಂತು.

ಎರಡು ಸಾವಿರದ ಇಪ್ಪತ್ತೊಂದರ ನವೆಂಬರ್. ಬೆಳಿಗ್ಗೆ ಒಂಬತ್ತು ಗಂಟೆ. ಹೊಸ ಬಾಗಿಲು ನೋಡುವ ಆಸೆಗೆ ಪಕ್ಕದ ಮನೆಯ ನಂಜಮ್ಮ ಜೀಪು ಹತ್ತಿದ್ದರು. ಅರವತ್ತರ ಹತ್ತಿರದ ವಿಧವೆ, ಎರಡೆಕರೆ ತೋಟ, ಎರಡೂರಿಗಾಗುವಷ್ಟು ಬಾಯಿ. ತಿರುವಿನಲ್ಲಿ ಕಾಡುಕೋಣ ನಿಂತಿತ್ತು. ನಾವು ಅದನ್ನು ಕಾಟಿ ಅನ್ನುವುದು. ಅದು ಯಾರನ್ನೋ ಕಾಯುತ್ತಿರುವ ಹಾಗೆ, ರಸ್ತೆಗೆ ಅಡ್ಡಲಾಗಿ, ಸಮಾಧಾನವಾಗಿ ನಿಂತಿತ್ತಂತೆ. ಗಿರಿಜಾಂಬಾ ಬ್ರೇಕನ್ನು ಎರಡೂ ಕಾಲಲ್ಲಿ ತುಳಿದರು. ಜೀಪು ಜಾರಿ, ಮೋರಿಯ ಕಡೆ ವಾಲಿ, ಮಧ್ಯಾಹ್ನದ ನಿದ್ದೆಗೆ ಮಗ್ಗುಲಾಗುವ ಅಜ್ಜಿಯ ಹಾಗೆ ನಿಧಾನಕ್ಕೆ ಚರಂಡಿಯಲ್ಲಿ ಮಲಗಿತು. ಕಾಟಿ ಒಮ್ಮೆ ನೋಡಿ, ಹೊರಟುಹೋಯಿತು.

ನಂಜಮ್ಮನ ಎಡಗಾಲು ಎರಡು ಕಡೆ ಮುರಿದಿತ್ತು. ಮೂರು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಗಿರಿಜಾಂಬಾಗೆ ಒಂದು ತರಚು ಗಾಯವೂ ಇಲ್ಲ. ಕುತ್ತಿಗೆ ಒಮ್ಮೆ ಝಾಡಿಸಿದ ಹಾಗಾಯಿತು, ಅಷ್ಟೇ. ಅವರೇ ಮೇಲೆ ಹತ್ತಿ ಬಂದು, ಕಳಸದ ಬಸ್ಸಿಗೆ ಅಡ್ಡ ನಿಂತು, ನಂಜಮ್ಮನನ್ನು ನಾಲ್ಕು ಜನರ ಕೈಲಿ ಎತ್ತಿಸಿ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಗಿರಿಜಾಂಬಾ ಅವರ ಎಕ್ಸ್‌ರೇ ನೋಡಿ, “ನಿಮಗೇನೂ ಆಗಿಲ್ಲ, ಪುಣ್ಯವಂತರು” ಅಂದರು.

ಐದು ತಿಂಗಳಿಗೆ ನಂಜಮ್ಮ ಕೋಲು ಎಸೆದು ಕಣದಲ್ಲಿ ಕಾಫಿ ಕೆದಕುತ್ತಿದ್ದರು. ಆ ಪುಣ್ಯವಂತರಿಗೆ ಮಾತ್ರ ಆಗ ತಲೆ ತಿರುಗಿಸಿ ಪಕ್ಕದ ಮನೆ ನೋಡಲಿಕ್ಕೂ ಆಗುತ್ತಿರಲಿಲ್ಲ.

ಹೀಗೇಕೆ ಅಂತ ನಾವೆಲ್ಲ ತಲೆ ಕೆಡಿಸಿಕೊಂಡೆವು. ಈಗ ಯೋಚಿಸಿದರೆ ನಮ್ಮ ಕೈವಾಡ ಸ್ವಲ್ಪ ಕಾಣುತ್ತದೆ. ನಂಜಮ್ಮ ಇಪ್ಪತ್ತು ದಿನ ದೂರದ ದೊಡ್ಡಾಸ್ಪತ್ರೆಯಲ್ಲಿದ್ದರು. ಅಲ್ಲಿ ನಮ್ಮನ್ನು ಒಳಗೇ ಬಿಡಲಿಲ್ಲ. ಮೂಳೆ ಹನ್ನೆರಡು ವಾರಕ್ಕೆ ಕೂಡುತ್ತದೆ ಎಂದು ಡಾಕ್ಟರು ಹೇಳಿದ್ದರು. ನಂಜಮ್ಮ ಗೋಡೆ ಕ್ಯಾಲೆಂಡರಿನಲ್ಲಿ ದಿನ ಹೊಡೆಯುತ್ತಾ ಕೂತರು. ಗಿರಿಜಾಂಬಾ ಮನೆಯಲ್ಲಿದ್ದರು. ನಮಗೆ ನೋಡಲು ಸಿಕ್ಕಿದ್ದು ಅವರೇ. ಮೋಸಂಬಿ, ಹಾರ್ಲಿಕ್ಸ್, ಬ್ರೆಡ್ಡು ಹಿಡಿದು ದಿನಕ್ಕೆ ಏಳೆಂಟು ಮಂದಿ ಹೋದೆವು. ಹೋದವರೆಲ್ಲ “ಹೇಗಾಯ್ತು ಹೇಳಿ” ಅಂದೆವು. ಅವರು ಹೇಳಿದರು. ಪ್ರತಿ ಸಲ ಬ್ರೇಕು ತುಳಿದ ಜಾಗ ಬಂದಾಗ ಕಾಲು ಚಾಚಿ, ಕುತ್ತಿಗೆ ಬಿಗಿಹಿಡಿದು ತೋರಿಸಿದರು. ಒಂದು ತಿಂಗಳಲ್ಲಿ ಜೀಪು ಒಂದು ಸಲ ಬಿದ್ದಿತ್ತು, ಗಿರಿಜಾಂಬಾ ನೂರೈವತ್ತು ಸಲ ಬಿದ್ದಿದ್ದರು.

ಅಷ್ಟಕ್ಕೇ ಬಿಟ್ಟೆವೇ? ಕೊನೆಯ ಮನೆಯ ಸಿದ್ದಗಂಗಮ್ಮ ಮೋಸಂಬಿ ಸುಲಿಯುತ್ತಾ, “ಕುತ್ತಿಗೆ ವಿಷಯ, ಹಗುರ ತಗೋಬೇಡಿ. ನಮ್ಮ ಸೋದರಮಾವಂಗೆ ಹೀಗೇ ಏನೂ ಆಗಿಲ್ಲ ಅಂದಿದ್ರು. ಆರು ವರ್ಷ ಮಲಗಿದ್ದಲ್ಲೇ” ಎಂದರು. ಹೇಳಿ, ಸುಲಿದ ಮೋಸಂಬಿಯನ್ನು ತಾವೇ ತಿಂದರು. ಮತ್ತೊಬ್ಬರು ತಮ್ಮ ಮೈದುನನ ಕಥೆ ತಂದರು. ಒಳ್ಳೆಯ ಕಥೆ ತಂದವರು ಒಬ್ಬರೂ ಇಲ್ಲ. ವಾಸಿಯಾದವರ ಬಗ್ಗೆ ಯಾರಾದರೂ ಅಷ್ಟು ದೂರ ನಡೆದು ಬಂದು ಹೇಳುತ್ತಾರೆಯೇ!

ಇನ್ನೊಂದು ವಿಷಯ ಗಿರಿಜಾಂಬಾ ಯಾರಿಗೂ ಹೇಳಲಿಲ್ಲ. ಕಣ್ಣು ಮುಚ್ಚಿದರೆ ಅವರಿಗೆ ಕಾಣುತ್ತಿದ್ದದ್ದು ಕಾಟಿಯಲ್ಲ, ನಂಜಮ್ಮನ ಕಾಲು. ಅದು ಇರಬಾರದ ಕಡೆ ತಿರುಗಿದ್ದ ರೀತಿ. ನಿದ್ದೆ ಹೋಯಿತು. ಕುತ್ತಿಗೆಗೆ ಕಾಲರ್ ಪಟ್ಟಿ ಬಂತು. ಜೀಪಿನ ಮೇಲೆ ಟಾರ್ಪಾಲು ಬಿತ್ತು. ತೋಟದ ಹೊಸ ಮನೆಯ ಬಾಗಿಲಿಗೆ ಬೀಗ ಬಿತ್ತು.

ಕುತ್ತಿಗೆ ಹವಾಮಾನ ಇಲಾಖೆಯಾದದ್ದು ಮುಂದಿನ ಜನವರಿಯಲ್ಲಿ.

ನಮ್ಮ ಕಡೆ ಬೆಳಗಾದರೆ ಬೆಳೆಗಾರರು ಒಬ್ಬರಿಗೊಬ್ಬರು ಫೋನು ಮಾಡಿ ಕೇಳುವ ಮೊದಲ ಮಾತು, “ನಿಮ್ಮಲ್ಲಿ ಎಷ್ಟು ಸೆಂಟ್ಸ್?” ಮಳೆಯ ಲೆಕ್ಕ ಅದು. ನೂರು ಸೆಂಟ್ಸಿಗೆ ಒಂದಿಂಚು. ನಮ್ಮ ಬೀದಿಯಲ್ಲಿ ಬಾಲರಾಜ್ ಅವರ ಅಂಗಳದಲ್ಲಿ ರೈನ್‌ಗೇಜಿದೆ. ಅವರ ಅಪ್ಪನ ಕಾಲದಿಂದ ಒಂದು ದಿನ ತಪ್ಪದ ಮಳೆ ರಿಜಿಸ್ಟರಿದೆ. ಬೀದಿಯಲ್ಲಿ ದೊಡ್ಡ ಕಣ ಅವರದೇ. ಒಣಗುವ ಕಾಫಿಗೆ ಜನವರಿಯಲ್ಲಿ ಹನಿ ಬಿದ್ದರೆ ಬೂಷ್ಟು ಹಿಡಿದು ವರ್ಷದ ಕೆಲಸ ಹಾಳು.

ಆ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಗಿರಿಜಾಂಬಾ ಒಳಗಿನಿಂದಲೇ ಗಂಡನಿಗೆ, “ರೀ, ಕುತ್ತಿಗೆ ಕಿತ್ತು ಬರ್ತಿದೆ, ಆ ಕಾಫಿ ಒಟ್ಟುಮಾಡಿ ಒಳಗೆ ಬನ್ನಿ, ಕೆದಕೋ ಸದ್ದು ಕೇಳೋಕಾಗ್ತಿಲ್ಲ” ಎಂದು ಕಿರುಚಿದರು. ಪಾಪದ ಮನುಷ್ಯ ಎಲ್ಲ ಗುಡ್ಡೆ ಮಾಡಿ ಟಾರ್ಪಾಲು ಹೊದೆಸಿದರು. ಮೂರು ಗಂಟೆಗೆ ಧೋ ಎಂದು ಸುರಿಯಿತು. ಮೂವತ್ತೆಂಟು ಸೆಂಟ್ಸ್. ಇಡೀ ಬೀದಿಯ ಕಾಫಿ ನೆನೆಯಿತು, ಅವರದೊಂದು ಬಿಟ್ಟು.

ಮಾರನೇ ಬೆಳಿಗ್ಗೆ ಬಾಲರಾಜ್ ಬಂದರು. “ಅಕ್ಕಾ, ನಿನ್ನೆ ಕುತ್ತಿಗೆ ಎಷ್ಟು ಗಂಟೆಗೆ ಹಿಡ್ಕೊಳ್ತು?”

“ಒಂಬತ್ತಕ್ಕೆ.”

“ಆರು ಗಂಟೆ ಮುಂಚೆ!” ಎಂದು ಬಾಲರಾಜ್ ಭಕ್ತಿಯಿಂದ ಕುತ್ತಿಗೆಯನ್ನೇ ನೋಡಿದರು. “ಇವತ್ತು ಹೇಗನ್ಸುತ್ತೆ?”

ಅಲ್ಲಿಂದ ಶುರು. ಆಮೇಲೆ ಬೆಳಗಿನ ಫೋನಿನಲ್ಲಿ ಸೆಂಟ್ಸ್ ಲೆಕ್ಕದ ಹಿಂದೆಯೇ “ಕುತ್ತಿಗೆ ಏನಂತೆ?” ಅನ್ನುವುದೂ ಸೇರಿತು. ಎರಡನೇ ವರ್ಷಕ್ಕೆ ಅತ್ತಿಗುಂಡಿಯಿಂದ ಯಾರೋ ಫೋನು ಮಾಡಿ, “ನಮ್ಮ ಕಡೆ ಮಳೆಗೂ ನಿಮ್ಮ ಕುತ್ತಿಗೆ ನಡೆಯುತ್ತಾ, ಇಲ್ಲ ಮೂಡಿಗೆರೆಗೆ ಮಾತ್ರವಾ?” ಎಂದು ವಿಚಾರಿಸಿದರು.

ಇದರಿಂದ ಹೊಟ್ಟೆ ಉರಿದದ್ದು ನಂಜಮ್ಮನಿಗೆ. “ನನ್ನ ಕಾಲಲ್ಲಿ ಒಂದಡಿ ಉದ್ದದ ಸ್ಟೀಲ್ ರಾಡಿದೆ. ಮೋಡ ಬಂದ್ರೂ ಅದು ಸುಮ್ನಿರುತ್ತೆ, ಗುಡುಗಿದ್ರೂ ಸುಮ್ನಿರುತ್ತೆ. ಏನೂ ಇಲ್ಲದ ಇವಳ ಕುತ್ತಿಗೆ ಪಂಚಾಂಗ ಹೇಳುತ್ತೆ. ಎಂಥಾ ನ್ಯಾಯ ಇದು?”

ಗಿರಿಜಾಂಬಾ ಕೂಡ ಸುಮ್ಮನಿರುವ ಹೆಂಗಸಲ್ಲ. ಬಾಲರಾಜ್ ಹಿಂದೊಮ್ಮೆ ಟೀ ಅಂಗಡಿಯಲ್ಲಿ, “ಹೆಂಗಸ್ರ ಕೈಗೆ ಸ್ಟೀರಿಂಗ್ ಕೊಟ್ರೆ ಕಾಟಿಗೂ ನೆಮ್ಮದಿ ಇಲ್ಲ” ಅಂದಿದ್ದು ಅವರ ಕಿವಿಗೆ ಬಿದ್ದಿತ್ತು. ಒಂದು ವಾರ ನೋವು ತುಸು ಕಡಿಮೆ ಇದ್ದಾಗ, ಮೂರು ದಿನ ಸತತವಾಗಿ “ಭಾರೀ ಮಳೆ ಇದೆ ಬಾಲರಾಜಣ್ಣ” ಅಂದರು. ಆತ ಮೂರು ದಿನ ಬೆಳಿಗ್ಗೆ ಹರವಿದ ಕಾಫಿಯನ್ನೆಲ್ಲ ಹನ್ನೊಂದಕ್ಕೆ ಗುಡ್ಡೆ ಮಾಡಿ, ಸಂಜೆ ಬಿಸಿಲಲ್ಲಿ ಬೆವರೊರೆಸಿಕೊಂಡು ಆಕಾಶ ನೋಡಿದರು. ಮೂರನೇ ಸಂಜೆ ಗಿರಿಜಾಂಬಾ ಕಾಲರ್ ಪಟ್ಟಿಯೊಳಗೇ ನಕ್ಕರು. ನಕ್ಕದ್ದಕ್ಕೆ ಕುತ್ತಿಗೆ ಇನ್ನೂ ನಾಲ್ಕು ದಿನ ನೋಯಿತು. ಇದು ನಾಟಕ ಅನ್ನುವವರು ಆ ನಾಲ್ಕು ದಿನ ಅವರ ಮುಖ ನೋಡಬೇಕಿತ್ತು.

ಯಾಕೆಂದರೆ ನೋವು ನಿಜವಾಗಿಯೂ ಇತ್ತು. ಬಿಂದಿಗೆ ಎತ್ತಲಾಗುತ್ತಿರಲಿಲ್ಲ. ತಲೆ ಬಾಚಲು ಕೈ ಎತ್ತಿದರೆ ಕಣ್ಣಲ್ಲಿ ನೀರು. ಎರಡು ವರ್ಷದಲ್ಲಿ ಜೀಪಿನ ಟಾರ್ಪಾಲಿನ ಮೇಲೆ ಬಳ್ಳಿ ಹಬ್ಬಿತು. ಓಂಕಾರಮೂರ್ತಿಗಳು ಒಂದು ದಿನ ಊಟದ ಹೊತ್ತಿನಲ್ಲಿ, ತಟ್ಟೆ ನೋಡುತ್ತಾ, “ತೋಟದ ಮನೇನ ಯಾರಿಗಾದ್ರೂ ಹೋಂಸ್ಟೇಗೆ ಕೊಟ್ಟುಬಿಡೋಣ್ವಾ? ಜೀಪನ್ನೂ ಕೇಳ್ತಿದಾರೆ” ಎಂದರು.

“ಯುಗಾದಿ ಕಳೀಲಿ” ಎಂದರು ಗಿರಿಜಾಂಬಾ. ಮಾರನೇ ದಿನ ಚಿಕ್ಕಮಗಳೂರಿಗೆ ಬಸ್ಸು ಹತ್ತಿದರು. ಅಲ್ಲಿ ಶಾಲಿನಿ ಎಂಬ ಫಿಜಿಯೋಥೆರಪಿಸ್ಟ್ ಇದ್ದಾಳೆ, ಮಾತಾಡಿ ಮಾತಾಡಿ ವಾಸಿ ಮಾಡುತ್ತಾಳೆ ಅಂತ ಯಾರೋ ಹೇಳಿದ್ದರು. ಮಾತಿನಲ್ಲಿ ತಮ್ಮನ್ನು ಸೋಲಿಸುವವರನ್ನು ನೋಡಿಯೇ ಬಿಡೋಣ ಅನ್ನುವ ಹುರುಪೂ ಇತ್ತು ಅನ್ನಿ.

ಶಾಲಿನಿ ಮೂವತ್ತರ ಹುಡುಗಿ. ಅರ್ಧ ಗಂಟೆ ಕೇಳಿದಳು, ಹತ್ತು ನಿಮಿಷ ಕುತ್ತಿಗೆ ಮುಟ್ಟಿದಳು. ಆಮೇಲೆ, “ಅಮ್ಮಾ, ನಿಮ್ಮ ತೋಟಕ್ಕೆ ಆನೆಗೆ ಅಂತ ಸೋಲಾರ್ ಬೇಲಿ ಹಾಕಿದೀರಾ?” ಎಂದಳು.

“ಹಾಕಿದೀವಿ. ಸೈರನ್ನೂ ಇದೆ.”

“ಅದು ಯಾವಾಗ ಕೂಗುತ್ತೆ?”

“ಆನೆ ಬಂದ್ರೆ ಕೂಗಬೇಕು. ನಮ್ಮದು ಒಣಗಿದ ಸೋಗೆ ಬಿದ್ರೂ ಕೂಗುತ್ತೆ, ಓತಿಕ್ಯಾತ ಹತ್ತಿದ್ರೂ ಕೂಗುತ್ತೆ. ಒಂದು ಸಲ ನಿಜವಾಗ್ಲೂ ಆನೆ ಬಂದಮೇಲೆ ಇವ್ರು ಹೆದರಿ ಅದನ್ನ ಜಾಸ್ತಿ ಮಾಡಿಸಿದ್ರು.”

“ನಿಮ್ಮ ಕುತ್ತಿಗೇಲೂ ಅದೇ ಆಗಿರೋದು. ಅವತ್ತು ಪೆಟ್ಟಾಯ್ತು, ಅದು ಮೂರು ತಿಂಗಳಲ್ಲಿ ಮಾಗಿದೆ. ಸೈರನ್ನು ಮಾತ್ರ ಜಾಸ್ತಿ ಇಟ್ಟಿದ್ದು ಹಾಗೇ ಉಳಿದಿದೆ. ಈಗ ಓತಿಕ್ಯಾತಕ್ಕೂ ಕೂಗ್ತಿದೆ.”

ಗಿರಿಜಾಂಬಾ ಮುಖ ಬಿಗಿಯಿತು. “ಅಂದ್ರೆ ನೀನೂ ಹೇಳೋದು ಅದೇನಾ? ನಾನು ಸುಮ್ನೆ ನೋವು ಅಂತಿದೀನಿ ಅಂತ?”

“ಅಯ್ಯೋ, ಸೈರನ್ ಕೂಗಿದ್ರೆ ಕಿವಿ ನೋಯಲ್ವಾ? ಕೂಗಿದ್ದು ಸುಳ್ಳಾ? ನಿಮ್ಮ ನೋವು ಪೂರ್ತಿ ನಿಜ. ಆನೆ ಇಲ್ಲ, ಅಷ್ಟೇ.”

ಎರಡು ವರ್ಷದಲ್ಲಿ ‘ನಿಮ್ಮ ನೋವು ನಿಜ’ ಮತ್ತು ‘ನಿಮಗೆ ಅಪಾಯ ಇಲ್ಲ’ ಎನ್ನುವ ಎರಡನ್ನೂ ಒಬ್ಬರೇ ಹೇಳಿದ್ದು ಅದೇ ಮೊದಲು. ಒಂದನ್ನು ಹೇಳಿದವರು ಇನ್ನೊಂದನ್ನು ಹೇಳಿರಲಿಲ್ಲ. ಗಿರಿಜಾಂಬಾ ಸೆರಗಿನಲ್ಲಿ ಮೂಗೊರೆಸಿಕೊಂಡು, ತಮ್ಮ ಎದೆಯಲ್ಲಿದ್ದ ಪ್ರಶ್ನೆ ಕೇಳಿದರು. “ಮತ್ತೆ ನಂಜಕ್ಕಂಗೆ ಯಾಕೆ ಹೀಗಾಗಿಲ್ಲ? ಅವರಿಗೆ ನನ್ನ ಹತ್ತರಷ್ಟು ಪೆಟ್ಟಾಗಿತ್ತು.”

ಶಾಲಿನಿ ಪೆನ್ನು ಕೆಳಗಿಟ್ಟಳು. “ಪೆಟ್ಟು ಎಷ್ಟು ದೊಡ್ಡದು ಅನ್ನೋದ್ರ ಮೇಲೆ ಇದು ನಿಲ್ಲಲ್ಲ ಅಮ್ಮಾ. ನಿದ್ದೆ ಕೆಟ್ರೆ, ಹೆದರಿಕೆ ಉಳಿದ್ರೆ, ನನ್ನಿಂದ್ಲೇ ಆಯ್ತು ಅಂತ ಒಳಗೊಳಗೆ ಕೊರೀತಿದ್ರೆ, ಏನಾಗಿದೆ ಅಂತ ಯಾರೂ ಸರಿಯಾಗಿ ಹೇಳದಿದ್ರೆ, ಸೈರನ್ ಏರುತ್ತೆ. ಹುಟ್ಟಿನಿಂದ್ಲೇ ಕೆಲವರ ನರ ಸ್ವಲ್ಪ ಚುರುಕು. ಆದ್ರೆ ಇದೆಲ್ಲ ಇದ್ದೂ ಏನೂ ಆಗದವರು ಇದಾರೆ, ಏನೂ ಇಲ್ಲದೆ ಅನುಭವಿಸೋರೂ ಇದಾರೆ. ಪೂರ್ತಿ ಗೊತ್ತು ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ಗಟ್ಟಿಗರು, ಮೆತ್ತಗಿನೋರು ಅನ್ನೋ ಲೆಕ್ಕ ಮಾತ್ರ ಇದಲ್ಲ.”

‘ನನ್ನಿಂದಲೇ ಆಯಿತು’ ಎಂಬ ಮಾತಿಗೆ ಗಿರಿಜಾಂಬಾ ಕಿಟಕಿಯ ಕಡೆ ನೋಡಿದರು. ಕುತ್ತಿಗೆ ತಿರುಗದ ಕಾರಣ ಇಡೀ ಮೈಯನ್ನೇ ತಿರುಗಿಸಿ ನೋಡಿದರು.

ಶಾಲಿನಿ ಕೆಲವು ವ್ಯಾಯಾಮ ಕೊಟ್ಟಳು. ಒಂದು ನೋಟ್‌ಬುಕ್ಕೂ ಕೊಟ್ಟಳು. ದಿನಕ್ಕೆ ಮೂರು ಸಲ ಹತ್ತಕ್ಕೆ ಎಷ್ಟು ನೋವು ಅಂತ ಬರೆಯಬೇಕು. ಪಕ್ಕದಲ್ಲಿ ಎಷ್ಟು ನಿದ್ದೆ ಮಾಡಿದಿರಿ, ಏನು ಸದ್ದು ಕೇಳಿದಿರಿ, ಯಾರು ಬಂದಿದ್ದರು, ಏನು ಕೇಳಿದರು. “ಮಳೆನೂ ಬರೀಲಾ?” ಎಂದರು ಗಿರಿಜಾಂಬಾ. “ಮಳೆನೂ ಬರೀರಿ” ಎಂದಳು ಶಾಲಿನಿ.

ನೋಟ್‌ಬುಕ್ಕಿನ ಸುದ್ದಿ ಬೀದಿಗೆ ತಿಳಿದಾಗ ಎಲ್ಲರಿಗಿಂತ ಖುಷಿಯಾದದ್ದು ಬಾಲರಾಜ್ ಅವರಿಗೆ. “ಬರೀರಿ ಅಕ್ಕಾ, ಒಂದು ದಿನಾನೂ ಬಿಡಬೇಡಿ. ನನ್ನ ರಿಜಿಸ್ಟರ್ ಜೊತೆ ಇಟ್ಟು ತಾಳೆ ನೋಡಿದ್ರೆ ನಿಮ್ಮ ಕುತ್ತಿಗೆ ಪೇಪರಲ್ಲಿ ಬರುತ್ತೆ.” ಡಿಸೆಂಬರಿನಿಂದ ಮಾರ್ಚ್ ಅರ್ಧದವರೆಗೂ ಅವರು ಊರಲ್ಲಿದ್ದ ದಿನವೆಲ್ಲ ಬೆಳಿಗ್ಗೆ ತಪ್ಪದೆ ಬಂದು, ಕುತ್ತಿಗೆ ವಿಚಾರಿಸಿ, ಬರೆದರೋ ಇಲ್ಲವೋ ನೋಡಿ ಹೋಗುತ್ತಿದ್ದರು.

ಮಾರ್ಚ್ ತಿಂಗಳ ಒಂದು ಭಾನುವಾರ ಬಾಲರಾಜ್ ಅವರ ಜಗಲಿಯಲ್ಲಿ ಎರಡೂ ಪುಸ್ತಕ ಬಿಚ್ಚಲಾಯಿತು. ಬೀದಿಯ ಅರ್ಧ ಜನ ಅಲ್ಲಿದ್ದೆವು. ಅವಲಕ್ಕಿ, ಬಾಳೆಹಣ್ಣು, ಕಾಫಿ. ಓಂಕಾರಮೂರ್ತಿಗಳು ಕನ್ನಡಕ ಹಾಕಿಕೊಂಡು ಹೆಂಡತಿಯ ಪುಸ್ತಕ ಓದಿದರು, ಬಾಲರಾಜ್ ತಮ್ಮ ರಿಜಿಸ್ಟರು ಓದಿದರು, ನಂಜಮ್ಮ ಹುಣಿಸೆ ಬೀಜ ಇಟ್ಟು ಲೆಕ್ಕ ಹಿಡಿದರು.

ಮಳೆ ಬಂದದ್ದು ಒಂಬತ್ತು ದಿನ. ಕುತ್ತಿಗೆ ಮುಂಚೆ ಹೇಳಿದ್ದು ನಾಲ್ಕು ದಿನ.

“ನಾಲ್ಕೇನಾ?” ಎಂದರು ಸಿದ್ದಗಂಗಮ್ಮ. “ಅಷ್ಟನ್ನ ನಾನೂ ಹೇಳ್ತಿದ್ದೆ.”

“ತಾಳಿ,” ಅಂದರು ಬಾಲರಾಜ್. ಹಣೆಯಲ್ಲಿ ಬೆವರಿತ್ತು. “ಕುತ್ತಿಗೆ ಜೋರಾಗಿ ನೋವಾದ ದಿನ ಎಷ್ಟು?”

ನಂಜಮ್ಮ ಬೀಜ ಎಣಿಸಿದರು. “ನಲವತ್ತೊಂದು.”

ಓಂಕಾರಮೂರ್ತಿಗಳು ಕೆಮ್ಮಿದರು. “ಇಲ್ಲಿ ‘ಯಾರು ಬಂದಿದ್ದರು’ ಅಂತ ಒಂದು ಸಾಲಿದೆ. ಆ ನಲವತ್ತೊಂದು ದಿನಾನೂ...” ಮುಂದೆ ಓದಲು ಆ ಸಾಧು ಮನುಷ್ಯನಿಗೆ ಬಾಯಿ ಬರಲಿಲ್ಲ. ನಂಜಮ್ಮ ಪುಸ್ತಕ ಕಿತ್ತುಕೊಂಡರು.

“ಬಾಲರಾಜ, ಬಾಲರಾಜ, ಬಾಲರಾಜ, ಬಾಲರಾಜ! ಮಾರಾಯ, ಇವಳ ಕುತ್ತಿಗೆಗೆ ಗೊತ್ತಾಗ್ತಿದ್ದದ್ದು ಮಳೆ ಬರೋದಲ್ಲ, ನೀನು ಬರೋದು!”

ಜಗಲಿ ಬಿದ್ದು ಹೋಗುವಷ್ಟು ನಗು. ಬಾಲರಾಜ್ ಕೆಂಪಾಗಿ, “ಅದ್ಹೇಗೆ? ನಾನು ದಿನಾ ಹೋಗ್ತಿದ್ದೆ. ದಿನಾ ಹೋಗೋನು ನೋವಿನ ದಿನಾನೂ ಹೋಗಿರ್ತೀನಿ” ಎಂದರು. ಮಾತು ನ್ಯಾಯವಾಗಿತ್ತು. ಆದರೆ ಫೆಬ್ರವರಿಯಲ್ಲಿ ಅವರು ಮದುವೆಗೆಂದು ಹಾಸನಕ್ಕೆ ಹೋಗಿದ್ದ ಆರು ದಿನ ನೋವು ಮೂರರ ಮೇಲೆ ಏರಿರಲಿಲ್ಲ. ಅವರನ್ನೊಬ್ಬರನ್ನೇ ಅನ್ನುವಂತೆಯೂ ಇರಲಿಲ್ಲ. ನಿದ್ದೆ ಇಲ್ಲದ ಮಾರನೇ ದಿನ ಏಳು. ಬೆಳಿಗ್ಗೆ ಒಂಬತ್ತಕ್ಕೆ ಕಳಸದ ಬಸ್ಸು ಹಾರ್ನು ಹೊಡೆದಾಗೆಲ್ಲ ಆರು. ಕುತ್ತಿಗೆ ಹೇಗಿದೆ ಎಂದು ಯಾರಾದರೂ ಕೇಳಿದರೆ, ಕೇಳಿದ ಕೂಡಲೇ ಎಂಟು. ಸಿದ್ದಗಂಗಮ್ಮ ತಮ್ಮ ಸೋದರಮಾವನನ್ನು ನೆನೆಸಿಕೊಂಡ ದಿನ ಒಂಬತ್ತೂವರೆ.

ನಗು ನಿಧಾನಕ್ಕೆ ನಿಂತಿತು. ಗಿರಿಜಾಂಬಾ ಮಾತ್ರ ಪುಸ್ತಕ ನೋಡುತ್ತಾ ಕೂತಿದ್ದರು. ‘ಏನು ಕೇಳಿದರು’ ಎಂಬ ಸಾಲಿನಲ್ಲಿ ಯಾವ ಪುಟದಲ್ಲೂ ಒಂದು ಹೆಸರಿರಲಿಲ್ಲ. ನಂಜಮ್ಮ ಅಪಘಾತದ ಬಗ್ಗೆ ಒಂದು ದಿನವೂ ಏನೂ ಕೇಳಿರಲಿಲ್ಲ. ಬಂದು ಬೇರೆಲ್ಲ ಬೈದು ಹೋಗುತ್ತಿದ್ದರು, ಅದೊಂದನ್ನು ಬಿಟ್ಟು. ಮನಸ್ಸಿನಲ್ಲಿ ಸಿಟ್ಟಿದೆ, ಅದಕ್ಕೇ ಎತ್ತುವುದಿಲ್ಲ ಎಂದು ಗಿರಿಜಾಂಬಾ ತಿಳಿದಿದ್ದರು.

ಎಲ್ಲರೂ ಎದ್ದು ಹೋದಮೇಲೆ ಜಗಲಿಯ ಮೆಟ್ಟಿಲ ಮೇಲೆ ಅವರೇ ಕೇಳಿದರು. “ನಂಜಕ್ಕಾ, ನಿಮ್ಮ ಕಾಲು ಮುರಿದವಳು ನಾನು. ನೀವು ಯಾಕೆ ಒಂದು ಮಾತೂ ಅನ್ನಲಿಲ್ಲ?”

ನಂಜಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. “ನೀನು ಮುರಿದ್ಯಾ? ಇದಕ್ಕಾ ನೀನು ಎರಡು ವರ್ಷ ನಿದ್ದೆ ಬಿಟ್ಟಿದ್ದು? ನೀನು ಬ್ರೇಕ್ ಹಾಕದೆ ಇದ್ದಿದ್ರೆ ನಾನು ಕಾಟಿ ಕೊಂಬಲ್ಲಿ ತೋರಣ ಆಗ್ತಿದ್ದೆ. ಆ ಜೀಪು ಹತ್ತು ಅಂತ ನೀನು ನನ್ನ ಕರೆದ್ಯಾ? ಬಾಗಿಲು ನೋಡ್ಬೇಕು ಅಂತ ನಾನೇ ಹತ್ತಿದ್ದು. ಎರಡು ವರ್ಷ ಆಯ್ತು, ಆ ಬಾಗಿಲು ಇನ್ನೂ ನೋಡಿಲ್ಲ ನಾನು. ಸಿಟ್ಟಿರೋದು ಅದಕ್ಕೆ!”

“ಮತ್ತೆ ಯಾಕೆ ಆ ಮಾತು ಎತ್ತಲಿಲ್ಲ?”

“ನೀನು ಬಿದ್ದ ಕಥೆ ಹೇಳೋಕೆ ಶುರು ಮಾಡಿದ್ರೆ ನಿಲ್ಲಿಸಲ್ಲ, ಅದಕ್ಕೆ.”

ಮಾರನೇ ಬೆಳಿಗ್ಗೆ ನಂಜಮ್ಮ ಕತ್ತಿ ತಂದು ಜೀಪಿನ ಮೇಲಿನ ಬಳ್ಳಿ ಸವರಿ, ಟಾರ್ಪಾಲು ಎಳೆದು, ಪಕ್ಕದ ಸೀಟಿನಲ್ಲಿ ಹತ್ತಿ ಕೂತರು. “ಬಾ” ಎಂದರು. ಗಿರಿಜಾಂಬಾ ಬರಲಿಲ್ಲ. ಬಾಗಿಲಲ್ಲಿ ನಿಂತು ಬೆವತರು. ನಂಜಮ್ಮ ಜೀಪಿನಲ್ಲೇ ಕೂತು ಅವರೆಕಾಯಿ ಸುಲಿದು ಮುಗಿಸಿ ಇಳಿದು ಹೋದರು. ಎರಡನೇ ದಿನ ಗಿರಿಜಾಂಬಾ ಬಂದು ಸ್ಟೀರಿಂಗ್ ಹಿಂದೆ ಬರೀ ಕೂತರು. ಕೂತದ್ದಕ್ಕೇ ನೋವು ಏಳು. ಶಾಲಿನಿ ಫೋನಿನಲ್ಲಿ, “ಏಳಾಗ್ಲಿ. ಸೈರನ್ ಕೂಗಲಿ. ಎದ್ದು ಓಡಬೇಡಿ, ಹಟ ಹಿಡಿದು ಮುಂದಕ್ಕೂ ಹೋಗಬೇಡಿ. ಆನೆ ಇಲ್ಲ ಅಂತ ಅದಕ್ಕೆ ಗೊತ್ತಾಗೋವರೆಗೂ ಅಲ್ಲೇ ಕೂತಿರಿ” ಎಂದಳು. ಇಬ್ಬರೂ ಒಂದು ವಾರ ಜೀಪಿನಲ್ಲಿ ಕೂತರು. ಎಲ್ಲೂ ಹೋಗದ ಆ ಜೀಪಿನಲ್ಲಿ ಅವರು ಇಡೀ ಬೀದಿಯ ಚಾಡಿ ಹೇಳಿ ಮುಗಿಸಿದರು.

ನಮಗೂ ಶಿಕ್ಷೆ ಬಿತ್ತು. ಇನ್ನು ಮೇಲೆ ಯಾರೂ ಕುತ್ತಿಗೆಯ ಬಗ್ಗೆ ಕೇಳಕೂಡದು ಎಂದು ನಂಜಮ್ಮ ಕಟ್ಟಪ್ಪಣೆ ಮಾಡಿದರು. ನಾವು ಪಟ್ಟ ಪಾಡು ಯಾರಿಗೂ ಬೇಡ. ಗೇಟಿನ ಮುಂದೆ ಹೋಗುವಾಗ ನಾಲಿಗೆ ತುದಿಗೆ ಬಂದದ್ದನ್ನು ನುಂಗಬೇಕು. ಬಾಲರಾಜ್ ಒಂದು ಬೆಳಿಗ್ಗೆ ಅಭ್ಯಾಸ ಬಲದಿಂದ, “ಅಕ್ಕಾ, ಹೇಗಿದೆ ನಿಮ್ಮ...” ಎಂದುಬಿಟ್ಟು, ನಂಜಮ್ಮ ಕಿಟಕಿಯಲ್ಲಿ ಕಂಡಿದ್ದರಿಂದ, “...ನಿಮ್ಮ ಬಸಳೆ ಚಪ್ಪರ?” ಎಂದು ಮುಗಿಸಿದರು. ಗಿರಿಜಾಂಬಾ ಗಂಭೀರವಾಗಿ, “ಬಸಳೆಗೆ ಸ್ವಲ್ಪ ಸೆಳೆತ ಇದೆ ಬಾಲರಾಜಣ್ಣ, ಬಿಸಿನೀರು ಶಾಖ ಕೊಡ್ತಿದೀನಿ” ಎಂದರು.

ಯುಗಾದಿ ಕಳೆಯಿತು. ಹೋಂಸ್ಟೇಯ ಮಾತನ್ನು ಓಂಕಾರಮೂರ್ತಿಗಳು ಮತ್ತೆ ಎತ್ತಲಿಲ್ಲ. ಜೀಪು ಮೊದಲು ಗೇಟಿನವರೆಗೆ ಹೋಯಿತು. ಆಮೇಲೆ ಬೀದಿ ಕೊನೆಗೆ. ಆಮೇಲೆ ಪೆಟ್ರೋಲ್ ಬಂಕಿಗೆ. ಕಾಟಿ ನಿಂತಿದ್ದ ತಿರುವು ಮೊದಲ ಸಲ ಕಂಡಾಗ ನೋವು ಹತ್ತಕ್ಕೆ ಹಾರಿತು. ಗಿರಿಜಾಂಬಾ ಜೀಪು ಪಕ್ಕಕ್ಕೆ ನಿಲ್ಲಿಸಿ, ಇಳಿದು, ಮೋರಿ ಕಟ್ಟೆಯ ಮೇಲೆ ಕೂತು ನೀರು ಕುಡಿದು, ಹಿಂದಕ್ಕೆ ಬಂದರು. ಮಾರನೇ ದಿನವೂ ಅಲ್ಲಿಗೇ ಹೋಗಿ ಹಿಂದಕ್ಕೆ ಬಂದರು. ಮಳೆಗಾಲ ಪೂರ್ತಿ ಮನೆಯಲ್ಲಿ ಕುತ್ತಿಗೆ ವ್ಯಾಯಾಮ. ದಸರಾ ಕಳೆದ ಮೇಲೆ ಒಂದು ದಿನ, ಆ ತಿರುವಿನವರೆಗೆಂದು ಹೋದ ಇಬ್ಬರೂ ಹಿಂದಕ್ಕೆ ಬರಲಿಲ್ಲ, ನಮಗೆಲ್ಲ ಗಾಬರಿ. ಸಂಜೆ ಐದಕ್ಕೆ ಬಂದ ಜೀಪಿನಿಂದ ನಂಜಮ್ಮ ಇಳಿದು, “ಬಾಗಿಲು ಪರವಾಗಿಲ್ಲ. ಚಿಲಕ ಸರಿಯಿಲ್ಲ” ಎಂದರು.

ನೋವು ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹೋಗಲಿಲ್ಲ. ಎರಡು, ಮೂರು ಎಂದು ಮೂಲೆಯಲ್ಲಿ ಕೂತಿರುತ್ತಿತ್ತು. ಕೆಲವು ದಿನ ಕಾರಣವಿಲ್ಲದೆ ಆರಕ್ಕೆ ಏಳುತ್ತಿತ್ತು. “ಬಂದಿದಾನೆ ನೆಂಟ. ಅವನ ಪಾಡಿಗೆ ಇರ್ಲಿ, ಕಾಫಿ ಕೊಡಲ್ಲ” ಎಂದು ಗಿರಿಜಾಂಬಾ ಕೆಲಸಕ್ಕೆ ಏಳುತ್ತಿದ್ದರು. ಕೆಲವು ದಿನ ಏಳಲಾಗದೆ ಮಲಗುತ್ತಲೂ ಇದ್ದರು.

ಜನವರಿಯಲ್ಲಿ ಅವರು ಬೀದಿ ಬಿಟ್ಟರು. ಹಿಂದಿನ ಮೂರು ದಿನದಲ್ಲಿ ದೊಡ್ಡ ಸಾಮಾನೆಲ್ಲ ಹೋಗಿತ್ತು. ಬಾಡಿಗೆ ಮನೆ ಅದು, ಇಪ್ಪತ್ತೆಂಟು ವರ್ಷ ಇದ್ದದ್ದು. ಕೀ ಮನೆಯೊಡೆಯರ ಕೈಗೆ ಸೇರಿತ್ತು. ಎಲ್ಲರ ಕಣದಲ್ಲೂ ಕಾಫಿ ಹರವಿತ್ತು. ಜೀಪಿನ ಹಿಂದೆ ರುಬ್ಬುವ ಗುಂಡು, ಎರಡು ಹಾಸಿಗೆ, ಮೇಲೆ ಕಾಲುಚಾಚಿ ಕೂತ ನಂಜಮ್ಮ. “ನಾಲ್ಕು ದಿನ ಇದ್ದು ಬರ್ತೀನಿ, ಚಿಲಕ ನೋಡ್ಬೇಕು” ಎಂದು ಅವರು ತಾವಾಗಿಯೇ ಹತ್ತಿದ್ದರು. ಮುಂದಿನ ಸೀಟಿನಲ್ಲಿ ಓಂಕಾರಮೂರ್ತಿಗಳು, ದೇವರ ಫೋಟೋ ತೊಡೆಯ ಮೇಲಿಟ್ಟುಕೊಂಡು, ಕಂಬಿ ಹಿಡಿದು, ಜೀಪು ಇನ್ನೂ ಹೊರಡುವ ಮುಂಚೆಯೇ ಕಣ್ಣು ಮುಚ್ಚಿದ್ದರು.

ಗಿರಿಜಾಂಬಾ ಮನೆಯ ಮೆಟ್ಟಿಲಿಳಿದು ಬಂದರು. ಆ ಬೆಳಿಗ್ಗೆ ಅವರ ಕುತ್ತಿಗೆ ನೋಯುತ್ತಿತ್ತು. ನಮಗೆ ಗೊತ್ತಾಯಿತು, ಎಡಗೈಯಿಂದ ಭುಜ ಒತ್ತಿಕೊಂಡಿದ್ದರು. ಬೀದಿಯಲ್ಲಿ ಉಳಿದವರೆಲ್ಲ ಗೇಟಿನಲ್ಲಿ ನಿಂತಿದ್ದೆವು. ಒಬ್ಬರೂ ಕೇಳಲಿಲ್ಲ. ಸಿದ್ದಗಂಗಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು.

ಅವರು ಸೀಟಿಗೆ ಹತ್ತಿದರು. ನೆರಿಗೆ ಸಿಕ್ಕಿಸಿಕೊಂಡರು. ರಸ್ತೆ ನೋಡಲು ತಲೆ ಬಲಕ್ಕೆ ತಿರುಗಿಸಿದರು, ಎಡಕ್ಕೆ ಅದಕ್ಕಿಂತ ಸ್ವಲ್ಪ ಕಡಿಮೆ ತಿರುಗಿಸಿದರು, ನೋವಿಗೆ ಒಮ್ಮೆ ಹಲ್ಲು ಕಚ್ಚಿದರು. ಆಮೇಲೆ ಗೇರಿಗೆ ಒಂದು ಕೆಟ್ಟ ಬೈಗುಳ ಹಾಕಿ, ಗೇಟು ದಾಟಿ ಹೋದರು.